ಹಿತ್ತಲಿನ ನೀರಾಟದ ಕಮಾನಿನಿಂದ ನೀರು ಚಿಮ್ಮದಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಬರುತ್ತದೆ, ದಾವಣಗೆರೆ ಕಡೆಯ ಬಿಸಿಲು 38 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ, ಮನೆಯಲ್ಲಿ ಮಕ್ಕಳನ್ನು ಹಿಡಿದು ಕೂರಿಸುವುದು ಕಷ್ಟವಾಗುತ್ತದೆ. ಅಂಥ ದಿನಗಳಲ್ಲಿ ಹಿತ್ತಲಿನಲ್ಲೇ ಒಂದು ನೀರಿನ ಕಮಾನು ಕಟ್ಟಿಕೊಡುವುದು ಕಡಿಮೆ ಖರ್ಚಿನ ಒಳ್ಳೆಯ ಕೆಲಸ. ಅರ್ಧ ಇಂಚಿನ ಪಿವಿಸಿ ಪೈಪಿನ ಎರಡು ಕಾಲುಗಳು, ಅವುಗಳ ಮೇಲೆ ಎರಡು ಎಲ್ಬೋಗಳಿಂದ ಕೂಡಿಸಿದ ಆರು ಅಡಿಯ ಅಡ್ಡ ಪೈಪು, ಅದರ ಕೆಳಮೈಗೆ ಸಣ್ಣ ತೂತುಗಳು, ಒಂದು ಕಾಲಿನ ಬುಡಕ್ಕೆ ಮುಚ್ಚಳ, ಇನ್ನೊಂದರ ಬುಡಕ್ಕೆ ಹಿತ್ತಲಿನ ನಲ್ಲಿಯಿಂದ ಬಂದ ಗಾರ್ಡನ್ ಪೈಪು: ಇಷ್ಟೇ ಅದರ ರಚನೆ. ಮಕ್ಕಳು ಅದರ ಕೆಳಗೆ ಓಡಾಡುತ್ತಾರೆ, ಕೆಳಗೊಂದು ಟಬ್ ಇಟ್ಟರೆ ಅದರಲ್ಲಿ ಕುಳಿತು ಆಡುತ್ತಾರೆ.

ಆದರೆ ಕಟ್ಟಿದ ಮೊದಲ ದಿನವೇ ಅದು ಸರಿಯಾಗಿ ಕೆಲಸ ಮಾಡುವುದು ಅಪರೂಪ. ನಾನು ಮೊದಲ ಸಲ ಕಟ್ಟಿದಾಗ ಅಡ್ಡ ಪೈಪಿಗೆ 3 ಮಿ.ಮೀ. ಬಿಟ್ಟಿನಿಂದ 36 ತೂತು ಕೊರೆದಿದ್ದೆ. ತೂತು ಹೆಚ್ಚಾದಷ್ಟೂ ಮಳೆ ಚೆನ್ನಾಗಿ ಸುರಿಯುತ್ತದೆ ಎಂಬುದು ಅಂದಿನ ನನ್ನ ನಂಬಿಕೆ. ನಲ್ಲಿ ತಿರುಗಿಸಿದಾಗ ಬುಡದ ಕಡೆಯ ಏಳೆಂಟು ತೂತುಗಳಿಂದ ನೀರು ಒಸರಿ, ಪೈಪಿನ ಹೊಟ್ಟೆಗೆ ಅಂಟಿಕೊಂಡೇ ಹರಿದು, ಎಲ್ಬೋದ ಹತ್ತಿರ ತೊಟ್ಟಿಕ್ಕತೊಡಗಿತು. ಆಚೆ ತುದಿಯ ತೂತುಗಳು ಒಣಗಿಯೇ ಇದ್ದವು. ಚಿಕ್ಕವಳು ಪೈಪಿನ ಕೆಳಗೆ ಅಂಗೈ ಒಡ್ಡಿ, ಒಂದೊಂದೇ ಹನಿಯನ್ನು ಹಿಡಿದು ತಲೆಗೆ ಸವರಿಕೊಳ್ಳುತ್ತಾ ನಿಂತಿದ್ದಳು. ಆ ನೋಟ ಮನಸ್ಸಿಗೆ ಬಹಳ ನಾಟಿತು. ದೋಷವನ್ನು ಹಂತಹಂತವಾಗಿ ಹುಡುಕುವ ಕ್ರಮವನ್ನು ಕಲಿತದ್ದು ಆ ದಿನದಿಂದಲೇ.

ಮುಖ್ಯ ದೋಷ: ನೀರು ಚಿಮ್ಮುವುದಿಲ್ಲ, ಒಸರುತ್ತದೆ

ಇಂಥ ಕಮಾನುಗಳ ನಕ್ಷೆ, ವಿಡಿಯೊಗಳಲ್ಲಿ ಹಲವು ಹೊರದೇಶಗಳವು. ಅಲ್ಲಿನ ಅನೇಕ ಊರುಗಳಲ್ಲಿ ನಲ್ಲಿಗೆ ಬೀದಿಯ ಕೊಳವೆಯಿಂದಲೇ ಎರಡು, ಮೂರು ಬಾರ್ ಒತ್ತಡದಲ್ಲಿ ನೀರು ಬರುತ್ತದೆ. ನಮ್ಮಲ್ಲಿ ಬಹುಪಾಲು ಮನೆಗಳ ನಲ್ಲಿಗೆ ನೀರು ಬರುವುದು ತಾರಸಿಯ ಟ್ಯಾಂಕಿನಿಂದ, ತನ್ನ ಭಾರದಿಂದ ತಾನೇ ಇಳಿದು. ಹತ್ತು ಮೀಟರ್ ಎತ್ತರದ ನೀರಿನ ಕಂಬ ಕೊಡುವ ಒತ್ತಡ ಸುಮಾರು ಒಂದು ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕಿನ ನೀರಿನ ಮಟ್ಟ ನೆಲದಿಂದ 5 ಮೀಟರ್ ಎತ್ತರದಲ್ಲಿದ್ದು, ಕಮಾನಿನ ಅಡ್ಡ ಪೈಪು 1.8 ಮೀಟರ್ ಎತ್ತರದಲ್ಲಿದ್ದರೆ, ಉಳಿಯುವುದು 3.2 ಮೀಟರ್, ಅಂದರೆ ಮೂರನೇ ಒಂದು ಬಾರ್‌ಗೂ ಕಡಿಮೆ. ಅಲ್ಲಿನ ನಕ್ಷೆಯನ್ನು ಇಲ್ಲಿ ಹಾಗೆಯೇ ಇಳಿಸಿದರೆ ಕಮಾನು ಸೋಲುವುದು ಸಹಜ. ಆದ್ದರಿಂದ ಪೈಪನ್ನು ಬಿಚ್ಚುವ ಮೊದಲು ನೀರನ್ನು ಅಳೆಯಬೇಕು.

ಅಳತೆಗೆ ಒಂದು ಬಕೆಟ್ಟು, ಒಂದು ಮೊಬೈಲ್ ಸಾಕು. ಗಾರ್ಡನ್ ಪೈಪನ್ನು ಕಮಾನಿನಿಂದ ಬಿಡಿಸಿ, ಅದರ ಬಾಯಿಯನ್ನು ಅಡ್ಡ ಪೈಪಿನಷ್ಟೇ ಎತ್ತರಕ್ಕೆ ಎತ್ತಿ ಹಿಡಿದು, ನಲ್ಲಿಯನ್ನು ಪೂರ್ತಿ ತೆರೆದು, 15 ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಬೇಕು. ಪೈಪಿನ ಬಾಯಿಯನ್ನು ನೆಲದ ಮೇಲಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಕುರ್ಚಿಯ ಮೇಲೆ ನಿಂತಾದರೂ ಎತ್ತರದಲ್ಲೇ ಅಳೆಯಬೇಕು. ನಮ್ಮ ಮನೆಯಲ್ಲಿ 75 ಸೆಕೆಂಡು ಬೇಕಾಯಿತು, ಅಂದರೆ ನಿಮಿಷಕ್ಕೆ 12 ಲೀಟರ್. ಈ ಸಂಖ್ಯೆಯನ್ನು ಪೂರ್ಣ ಹರಿವು ಎಂದು ಕರೆಯೋಣ.

ಇನ್ನು ತೂತುಗಳ ಲೆಕ್ಕ. ಅರ್ಧ ಇಂಚಿನ ಗಾರ್ಡನ್ ಪೈಪಿನ ಒಳಬಾಯಿಯ ವಿಸ್ತೀರ್ಣ ಸುಮಾರು 127 ಚದರ ಮಿ.ಮೀ. ನಾನು ಕೊರೆದಿದ್ದ 3 ಮಿ.ಮೀ.ನ 36 ತೂತುಗಳ ಒಟ್ಟು ವಿಸ್ತೀರ್ಣ 254 ಚದರ ಮಿ.ಮೀ. ನೀರು ಬರುವ ಬಾಯಿಗಿಂತ ಹೋಗುವ ಬಾಯಿ ಎರಡು ಪಟ್ಟು ದೊಡ್ಡದಾಗಿತ್ತು. ಪೈಪಿನೊಳಗೆ ಒತ್ತಡ ನಿಲ್ಲಲು ಅವಕಾಶವೇ ಇರಲಿಲ್ಲ. ನೀರು ಪೈಪಿನಲ್ಲಿ ಎಷ್ಟು ವೇಗವಾಗಿ ಹರಿಯುತ್ತದೆಯೋ ಅದರ ವರ್ಗದ ಪ್ರಮಾಣದಲ್ಲಿ ಘರ್ಷಣೆಯು ಒತ್ತಡವನ್ನು ತಿನ್ನುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ. ಹರಿವನ್ನು ಅರ್ಧಕ್ಕೆ ಇಳಿಸಿದರೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ, ಇರುವ ಒತ್ತಡದಲ್ಲಿ ಮುಕ್ಕಾಲು ಪಾಲು ತೂತಿನ ಬಾಯಿಯವರೆಗೆ ಉಳಿದು ಬರುತ್ತದೆ. ಆದ್ದರಿಂದ ಎಲ್ಲ ತೂತುಗಳೂ ಸೇರಿ ಹೊರಬಿಡುವ ನೀರು ಪೂರ್ಣ ಹರಿವಿನ ಅರ್ಧವನ್ನು ಮೀರದಂತೆ ನೋಡಿಕೊಳ್ಳಬೇಕು.

ಮೇಲೆ ಹೇಳಿದ ಎತ್ತರದ ಮನೆಯಲ್ಲಿ 2 ಮಿ.ಮೀ. ತೂತು ಒಂದಕ್ಕೆ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಬೇಕು, 1.5 ಮಿ.ಮೀ. ತೂತಿಗೆ ಅರ್ಧ ಲೀಟರಿಗಿಂತ ತುಸು ಕಡಿಮೆ, 1 ಮಿ.ಮೀ. ತೂತಿಗೆ ಸುಮಾರು 0.2 ಲೀಟರ್. ನಮ್ಮ ಪೂರ್ಣ ಹರಿವು 12 ಲೀಟರ್, ಅದರ ಅರ್ಧ 6 ಲೀಟರ್, ಹಾಗಾಗಿ 1.5 ಮಿ.ಮೀ.ನ 12 ತೂತುಗಳು ಸಾಕೆಂದು ಹೊಸ ಅಡ್ಡ ಪೈಪು ತಂದು ಕೊರೆದೆ. 36 ತೂತಿನಿಂದ ಬಾರದ ಮಳೆ 12 ತೂತಿನಿಂದ ಬಂತು. ಧಾರೆಗಳು ನೆಟ್ಟಗೆ ಇಳಿದು ನೆಲಕ್ಕೆ ಬಡಿಯುವ ಸದ್ದು ಅಡುಗೆಮನೆಗೂ ಕೇಳಿಸಿತು.

ಇದರಿಂದ ಆದ ಇನ್ನೊಂದು ಲಾಭ ನನಗೆ ಮೊದಲಿನದಕ್ಕಿಂತ ಹೆಚ್ಚಿನದೆಂದು ತೋರುತ್ತದೆ. ಅರ್ಧ ಗಂಟೆಯ ಆಟಕ್ಕೆ ಹಳೆಯ ಪೈಪು 360 ಲೀಟರಿನಷ್ಟು ನೀರನ್ನು ಸುರಿದುಬಿಡುತ್ತಿತ್ತು. ಹೊಸದು 160 ಲೀಟರಿನಲ್ಲಿ ಮುಗಿಸುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದು, ಕೈತೋಟ, ಕಾರಂಜಿ ಮೊದಲಾದವುಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಆದೇಶ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತ್ತು. ಅಂಥ ನಿರ್ಬಂಧ ಇರುವ ಊರಿನಲ್ಲಿ, ಅಂಥ ದಿನಗಳಲ್ಲಿ ಕಮಾನನ್ನು ಕಟ್ಟಲೇಬಾರದು. ನಿರ್ಬಂಧ ಇಲ್ಲದ ಕಡೆಯಲ್ಲೂ ಕಮಾನನ್ನು ತೆಂಗಿನ ಪಾತಿಯ ಅಂಚಿನಲ್ಲೋ ಬಾಳೆ, ಕರಿಬೇವಿನ ಬುಡದಲ್ಲೋ ನಿಲ್ಲಿಸಿದರೆ ಆಡಿದ ನೀರು ಆ ದಿನದ ಗಿಡದ ನೀರೇ ಆಗುತ್ತದೆ.

ಪೂರ್ಣ ಹರಿವೇ ಕಡಿಮೆ ಬಂದಾಗ

ಬಕೆಟ್ಟು ತುಂಬಲು ಎರಡೂವರೆ ನಿಮಿಷ ಹಿಡಿದರೆ, ಅಂದರೆ ಹರಿವು ನಿಮಿಷಕ್ಕೆ 6 ಲೀಟರ್ ಮಾತ್ರ ಇದ್ದರೆ, ತೂತು ಕಡಿಮೆ ಮಾಡುವ ಮೊದಲು ನಲ್ಲಿಯಿಂದ ಟ್ಯಾಂಕಿನವರೆಗಿನ ದಾರಿಯನ್ನು ನೋಡಬೇಕು. ಮೊದಲು ಗಾರ್ಡನ್ ಪೈಪನ್ನು ಕಳಚಿ ಬರಿಯ ನಲ್ಲಿಯಿಂದಲೇ ಬಕೆಟ್ಟು ಹಿಡಿಯಿರಿ. ನಲ್ಲಿಯಿಂದ ನೀರು ಜೋರಾಗಿ ಬಂದರೆ ದೋಷ ಗಾರ್ಡನ್ ಪೈಪಿನಲ್ಲಿದೆ: ಎಲ್ಲೋ ಮಡಿಕೆ ಬಿದ್ದಿದೆ, ಅಥವಾ ಪೈಪು ಅಗತ್ಯಕ್ಕಿಂತ ಉದ್ದವಾಗಿದೆ. ಹತ್ತು ಮೀಟರ್ ಸಾಕಾಗುವಲ್ಲಿ ಮೂವತ್ತು ಮೀಟರಿನ ಸುರುಳಿಯನ್ನು ಹಾಗೆಯೇ ಜೋಡಿಸಿದರೆ ಘರ್ಷಣೆ ಮೂರು ಪಟ್ಟಾಗುತ್ತದೆ. ಕತ್ತರಿಸಲು ಮನಸ್ಸು ಬಾರದಿದ್ದರೂ ಕತ್ತರಿಸುವುದೇ ಸರಿ.

ಬರಿಯ ನಲ್ಲಿಯಿಂದಲೂ ನೀರು ಸಣ್ಣಗೆ ಬಂದರೆ, ನಲ್ಲಿಯ ಮೂತಿಯಲ್ಲಿ ಜಾಲರಿ ಇದೆಯೇ ನೋಡಿ. ಗಡಸು ನೀರಿನ ಊರುಗಳಲ್ಲಿ ಆ ಜಾಲರಿಯಲ್ಲಿ ಸುಣ್ಣದ ಬಿಳಿ ಹಕ್ಕಳೆ ಕಟ್ಟಿ ಅರ್ಧಕ್ಕರ್ಧ ಮುಚ್ಚಿರುತ್ತದೆ. ಜಾಲರಿ ಸ್ವಚ್ಛವಿದ್ದರೆ ತಾರಸಿಗೆ ಹೋಗಿ ಟ್ಯಾಂಕಿನ ಬುಡದ ಗೇಟ್ ವಾಲ್ವನ್ನು ಪರೀಕ್ಷಿಸಿ. ತೊಳೆಯುವಾಗ ಮುಚ್ಚಿದವರು ಪೂರ್ತಿ ತೆರೆಯದೆ ಬಿಟ್ಟಿರುವುದು ಸಾಮಾನ್ಯ. ಅದೂ ಸರಿಯಿದ್ದು, ನಲ್ಲಿ ಬುಸುಗುಟ್ಟುತ್ತಾ ತಡೆದು ತಡೆದು ನೀರು ಕೊಡುತ್ತಿದ್ದರೆ ಅದು ಗಾಳಿ ಹಿಡಿದ ಲಕ್ಷಣ, ಪ್ಲಂಬರುಗಳು ಏರ್ ಲಾಕ್ ಎನ್ನುವುದು ಇದನ್ನೇ. ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದಾಗ ಕೊಳವೆಯ ಎತ್ತರದ ತಿರುವಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಆ ಸಾಲಿನ ಎಲ್ಲ ನಲ್ಲಿಗಳನ್ನೂ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆರೆದು ಕೆಲವು ನಿಮಿಷ ಬಿಟ್ಟರೆ ಬಹಳಷ್ಟು ಸಲ ಗಾಳಿ ತಾನಾಗಿ ಹೊರಬೀಳುತ್ತದೆ.

ಇಷ್ಟಾದರೂ ಹರಿವು ಹೆಚ್ಚದಿದ್ದರೆ ಇರುವ ನೀರಿಗೆ ತಕ್ಕಂತೆ ತೂತುಗಳನ್ನು ಹೊಂದಿಸಬೇಕು. ಆರು ಲೀಟರಿನ ಹರಿವಿಗೆ 1 ಮಿ.ಮೀ.ನ 15 ತೂತುಗಳು ಚೆನ್ನಾಗಿ ಒಗ್ಗುತ್ತವೆ. ಧಾರೆ ಎಳೆಯಾಗಿದ್ದರೂ ಚುರುಕಾಗಿರುತ್ತದೆ. ಕಮಾನಿನ ಎತ್ತರವನ್ನು ಅರ್ಧ ಮೀಟರ್ ತಗ್ಗಿಸುವುದೂ ಪರಿಣಾಮಕಾರಿ, ಏಕೆಂದರೆ ತಗ್ಗಿಸಿದ ಪ್ರತಿ ಅಂಗುಲವೂ ಒತ್ತಡಕ್ಕೆ ಸೇರುತ್ತದೆ. ಐದು ವರ್ಷದ ಮಗುವಿಗೆ ಆರು ಅಡಿಯ ಕಮಾನಿನ ಅಗತ್ಯವೂ ಇಲ್ಲ.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಸೊರಗಿದರೆ

ಹೊತ್ತಿನ ಜೊತೆ ಬದಲಾಗುವ ದೋಷಕ್ಕೆ ಕಮಾನನ್ನು ಮುಟ್ಟಬೇಕಾಗಿಲ್ಲ. ಟ್ಯಾಂಕಿನ ಮಟ್ಟ ಬೆಳಗಿನಿಂದ ಒಂದು ಮೀಟರ್ ಇಳಿದಿದ್ದರೆ 3.2 ಮೀಟರ್ ಇದ್ದ ಎತ್ತರ 2.2ಕ್ಕೆ ಬಂದು, ಒತ್ತಡದ ಮೂರನೇ ಒಂದು ಭಾಗ ಹೋಗಿರುತ್ತದೆ. ಅದೇ ಹೊತ್ತಿನಲ್ಲಿ ಬಚ್ಚಲಿನಲ್ಲೋ ಬಟ್ಟೆ ಒಗೆಯುವ ಯಂತ್ರದಲ್ಲೋ ನೀರು ತೆರೆದಿದ್ದರೆ ಇನ್ನಷ್ಟು ಕುಗ್ಗುತ್ತದೆ. ಮೂರನೆಯ ಕಾರಣವನ್ನು ನಾನು ತಡವಾಗಿ ಕಂಡುಕೊಂಡೆ: ತೆಳುವಾದ ಗಾರ್ಡನ್ ಪೈಪು ಬಿಸಿಲಿಗೆ ಮೆತ್ತಗಾಗಿ, ನಲ್ಲಿಯಿಂದ ಕೆಳಗೆ ಬಾಗುವ ಕಡೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ. ಸಂಜೆ ತಂಪಾದಾಗ ಮತ್ತೆ ದುಂಡಗಾಗುವುದರಿಂದ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಬಾಗುವ ಆ ಜಾಗಕ್ಕೆ ಒಂದು ಎಲ್ಬೋ ಹಾಕಿದರೆ, ಅಥವಾ ಹೊರಗಡೆ ಒಂದು ಗೇಣು ದಪ್ಪ ಪೈಪಿನ ತುಂಡನ್ನು ತೊಡಿಸಿದರೆ ಸಾಕು.

ಮಧ್ಯಾಹ್ನದ ಇನ್ನೊಂದು ಅಪಾಯವನ್ನು ಇಲ್ಲಿಯೇ ಹೇಳಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನೊಳಗೆ ನಿಂತ ನೀರು ಮಗುವಿನ ಮೈ ಸುಡುವಷ್ಟು ಕಾದಿರಬಹುದು. ಮೊದಲು ಬರುವ ಆ ನೀರನ್ನು ಪಾತಿಗೆ ಬಿಟ್ಟು, ಮುಂಗೈಯ ಒಳಭಾಗಕ್ಕೆ ಹಿಡಿದು ನೋಡಿ, ಆಮೇಲೆ ಪೈಪನ್ನು ಕಮಾನಿಗೆ ಜೋಡಿಸಬೇಕು. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಆಡಿಸುವುದು ಎಲ್ಲ ದೃಷ್ಟಿಯಿಂದಲೂ ಕ್ಷೇಮ.

ಕೆಲವು ತೂತುಗಳಿಂದ ಮಾತ್ರ ನೀರು ಬರುವುದು

ಕಮಾನು ಹೊಸದಾಗಿದ್ದರೆ ಕೊರೆಯುವಾಗ ಉಳಿದ ಪ್ಲಾಸ್ಟಿಕ್ಕಿನ ಸಿಬಿರು ಒಳಗಿನಿಂದ ತೂತಿಗೆ ಅಡ್ಡ ಬಂದಿರುತ್ತದೆ. ಅದೇ ಬಿಟ್ಟನ್ನು ಬೆರಳಿನಿಂದ ತಿರುಗಿಸುತ್ತಾ ಇನ್ನೊಮ್ಮೆ ತೂರಿಸಿ ತೆಗೆದರೆ ತೂತು ನುಣುಪಾಗುತ್ತದೆ. ಕಾಯಿಸಿದ ದಬ್ಬಳದಿಂದ ಚುಚ್ಚುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತೂತಿನ ಅಂಚು ಉಬ್ಬಿ ಧಾರೆ ಸೊಟ್ಟಗಾಗುತ್ತದೆ, ಸುಟ್ಟ ಪಿವಿಸಿಯ ಹೊಗೆ ಉಸಿರಿಗೂ ಕೆಟ್ಟದ್ದು.

ಮೊದಲು ಚೆನ್ನಾಗಿದ್ದು ವಾರ, ಹತ್ತು ದಿನದಲ್ಲಿ ತೂತುಗಳು ಕಟ್ಟಿಕೊಂಡರೆ ಅದು ಟ್ಯಾಂಕಿನ ತಳದ ಕೆಸರು, ಪಾಚಿ, ಇಲ್ಲವೇ ಸುಣ್ಣ. ಯಾವುದೆಂದು ತಿಳಿಯಲು ಕಾಲಿನ ಬುಡದ ಮುಚ್ಚಳವನ್ನು ತೆಗೆದು ಮೊದಲ ನೀರನ್ನು ಬಿಳಿಯ ತಟ್ಟೆಯಲ್ಲಿ ಹಿಡಿಯಿರಿ. ಹಸಿರು ಎಳೆ ಕಂಡರೆ ಪಾಚಿ, ಕಂದು ಪುಡಿ ಕಂಡರೆ ಕೆಸರು. ಇವೆರಡಕ್ಕೂ ಟ್ಯಾಂಕು ತೊಳೆಯುವುದೇ ಮದ್ದು. ತಟ್ಟೆ ಸ್ವಚ್ಛವಾಗಿದ್ದು ತೂತಿನ ಸುತ್ತ ಬಿಳಿ ಉಂಗುರ ಕಟ್ಟಿದ್ದರೆ ಸುಣ್ಣ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬಯಲುಸೀಮೆಯ ಅನೇಕ ಬೋರ್‌ವೆಲ್‌ಗಳ ನೀರು ಈ ಮೇಲಿನ ಅಂಚಿನಲ್ಲೇ ಇರುತ್ತದೆ. ಅಡ್ಡ ಪೈಪನ್ನು ಬಿಚ್ಚಿ, ಒಂದು ತುದಿ ಮುಚ್ಚಿ, ತೂತುಗಳ ಮೇಲೆ ಟೇಪು ಸುತ್ತಿ, ಒಳಗೆ ವಿನೆಗರ್ ಅಥವಾ ಹುಣಸೆ ಹುಳಿಯ ತಿಳಿಯನ್ನು ತುಂಬಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹಕ್ಕಳೆ ಸಡಿಲವಾಗಿರುತ್ತದೆ. ಮತ್ತೆ ಮತ್ತೆ ಕಟ್ಟುತ್ತಿದ್ದರೆ ಹನಿ ನೀರಾವರಿಯ ಸಾಮಾನು ಮಾರುವ ಅಂಗಡಿಯಿಂದ ಸಣ್ಣದೊಂದು ಜಾಲರಿ ಫಿಲ್ಟರ್ ತಂದು ನಲ್ಲಿಯ ಹತ್ತಿರ ಕೂಡಿಸಬೇಕು. ಅದು ಕಸವನ್ನು ತಡೆಯುತ್ತದೆ, ಆದರೆ ಸುಣ್ಣವನ್ನು ತಡೆಯುವುದಿಲ್ಲ.

ಅದೇ ಅಂಗಡಿಯಲ್ಲಿ ಸಿಗುವ ಮಂಜು ಸುರಿಸುವ ಫಾಗರ್ ನಳಿಕೆಗಳನ್ನು ತಂದು ನಿರಾಶರಾದವರು ಬಹಳ. ಅವುಗಳಿಗೆ ಬೇಕಾದ ಒತ್ತಡ ಹಲವು ಬಾರ್‌ಗಳದು. ತಾರಸಿಯ ಟ್ಯಾಂಕಿಗೆ ಜೋಡಿಸಿದರೆ ಅವು ತೊಟ್ಟಿಕ್ಕುತ್ತವೆ, ಅಷ್ಟೆ. ಅದು ನಳಿಕೆಯ ದೋಷವಲ್ಲ.

ನೀರಿನಲ್ಲಿ ಜುಮ್ಮೆನ್ನುವುದು

ಒತ್ತಡ ಸಾಲದೆಂದು ಕೂಲರ್ ಪಂಪನ್ನು ಟಬ್ಬಿನಲ್ಲಿ ಮುಳುಗಿಸಿ, ಅದೇ ನೀರನ್ನು ಕಮಾನಿಗೆ ಏರಿಸುವ ಉಪಾಯವನ್ನು ಹಲವರು ಮಾಡುತ್ತಾರೆ. 230 ವೋಲ್ಟಿನ ಯಾವ ಉಪಕರಣವೂ ಮಕ್ಕಳು ಕುಳಿತ ನೀರಿನಲ್ಲಿ ಇರಕೂಡದು. ಪಂಪಿನ ವೈರಿನ ಹೊದಿಕೆ ಒಂದು ಕಡೆ ಬಿರಿದರೆ ಸಾಕು.

ಪಂಪು ಇಲ್ಲದಿದ್ದಾಗಲೂ, ಮನೆಯ ಗೀಸರ್ ಅಥವಾ ಬೋರ್ ಮೋಟಾರಿನಲ್ಲಿ ಸೋರಿಕೆಯಿದ್ದು ಅರ್ಥಿಂಗ್ ಕೆಟ್ಟಿದ್ದರೆ, ಕಬ್ಬಿಣದ ಕೊಳವೆಯಲ್ಲೂ ನೀರಿನಲ್ಲೂ ಕರೆಂಟು ಹರಿಯಬಹುದು. ನೀರು ಚುರುಗುಟ್ಟುತ್ತದೆ, ಜುಮ್ಮೆನ್ನುತ್ತದೆ ಎಂದು ಮಗು ಹೇಳಿದರೆ ಅದನ್ನು ಆಟದ ಮಾತೆಂದು ತಿಳಿಯಬೇಡಿ. ನೀರಿಗೆ ಕೈ ಹಾಕದೆ, ನಲ್ಲಿಯನ್ನೂ ಮುಟ್ಟದೆ, ಮೊದಲು ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಆರಿಸಿ, ಅನಂತರ ಮಕ್ಕಳನ್ನು ಹೊರಗೆ ಕರೆತನ್ನಿ. ಈ ಒಂದು ದೋಷವನ್ನು ಪತ್ತೆಮಾಡುವ ಕೆಲಸ ಮನೆಯವರದಲ್ಲ, ಎಲೆಕ್ಟ್ರಿಷಿಯನ್‌ನದು. ಅವರು ಬಂದಾಗ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಮನೆಯಲ್ಲಿ ಇದೆಯೇ, ಅದರ ಪರೀಕ್ಷೆಯ ಗುಂಡಿ ಒತ್ತಿದಾಗ ಬೀಳುತ್ತದೆಯೇ ಎಂಬುದನ್ನೂ ನೋಡಿಸಿ.

ಕಮಾನು ವಾಲುವುದು, ಸೋರುವುದು, ಕಾಲು ಜಾರುವುದು

ವಾಲುವ ಕಮಾನಿಗೆ ಕಲ್ಲು ಒತ್ತು ಕೊಡುವುದಕ್ಕಿಂತ, ಎರಡು ಅಡಿಯ ಕಬ್ಬಿಣದ ಸಲಾಕೆಗಳನ್ನು ಒಂದೂವರೆ ಅಡಿ ನೆಲಕ್ಕೆ ಹೊಡೆದು ಕಾಲುಗಳನ್ನು ಅವುಗಳಿಗೆ ಬಿಗಿಯಾಗಿ ಕಟ್ಟುವುದು ಮೇಲು. ಸಲಾಕೆಯ ಮೇಲ್ತುದಿಗೆ ಹಳೆಯ ಟೆನ್ನಿಸ್ ಚೆಂಡನ್ನು ಸಿಕ್ಕಿಸಿ. ಒತ್ತಡ ಕಡಿಮೆ ಇರುವುದರಿಂದ ಪೈಪಿನ ಸಂದುಗಳಿಗೆ ಅಂಟು ಹಾಕಬೇಕಾಗಿಲ್ಲ, ಒತ್ತಿ ಕೂಡಿಸಿದರೆ ನಿಲ್ಲುತ್ತವೆ, ರಜೆ ಮುಗಿದ ಮೇಲೆ ಬಿಚ್ಚಿಡಲೂ ಬರುತ್ತದೆ. ಸೋರಿಕೆ ಹೆಚ್ಚಾಗಿ ಕಾಣಿಸುವುದು ಗಾರ್ಡನ್ ಪೈಪು ಸೇರುವ ಕಡೆ: ಅದರ ತುದಿಯನ್ನು ಎರಡು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ತೂರಿಸಿ, ಮೇಲೆ ಕ್ಲಿಪ್ ಬಿಗಿದರೆ ನಿಲ್ಲುತ್ತದೆ.

ಜಾರುವಿಕೆಯ ಮೂಲ ನೆಲದಲ್ಲಿದೆ. ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಹತ್ತು ನಿಮಿಷದಲ್ಲೇ ಅಂಟಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ಎರಡು ಅಂಗುಲ ಮರಳು ಹರಡಬೇಕು. ಸಿಮೆಂಟು ನೆಲದಲ್ಲಿ ಮೂರನೆಯ ದಿನದಿಂದ ಕಾಣದಷ್ಟು ತೆಳುವಾದ ಪಾಚಿ ಕಟ್ಟುತ್ತದೆ. ಅಂಗೈಯಿಂದ ಉಜ್ಜಿದಾಗ ಲೋಳೆಯೆನಿಸಿದರೆ ಅಂದು ಆಟ ಬೇಡ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಚೆನ್ನಾಗಿ ತೊಳೆದು ಒಣಗಿಸಿ. ಟಾರ್ಪಾಲಿನ ಮೇಲೆ ಸೋಪು ನೀರು ಸುರಿದು ಜಾರಾಡುವುದನ್ನು ಸಿಮೆಂಟಿನ ಮೇಲೆ ಎಂದೂ ಮಾಡಿಸಬಾರದು. ತೆಂಗಿನ ನಾರಿನ ಚಾಪೆ ಇದ್ದರೆ ಅದನ್ನು ಕಮಾನಿನ ಕೆಳಗೆ ಹಾಸಿ.

ಟಬ್ಬಿನ ನೀರು ಮತ್ತು ಸೊಳ್ಳೆ

ಟಬ್ಬಿನಲ್ಲಿ ಹುಳು ಆಡುತ್ತಿದೆ ಎಂದರೆ ನೀರು ಕೆಲವು ದಿನಗಳಿಂದ ಹಾಗೆಯೇ ನಿಂತಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಬೇಸಿಗೆಯ ಶಾಖದಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿಯೂ ಬದುಕಿರುತ್ತವೆ. ಆದ್ದರಿಂದ ನೀರು ಚೆಲ್ಲಿದ ಮೇಲೆ ಒಳಮೈಯನ್ನು ನಾರಿನಿಂದ ಉಜ್ಜಬೇಕು. ಟಬ್ಬನ್ನು ಅಂದಂದೇ ಖಾಲಿ ಮಾಡಲು ಇದಕ್ಕಿಂತ ದೊಡ್ಡ ಕಾರಣವೂ ಇದೆ: ನಡೆಯಲು ಕಲಿಯುತ್ತಿರುವ ಮಗು ನಾಲ್ಕು ಬೆರಳು ಆಳದ ನೀರಿನಲ್ಲೂ ಮುಳುಗಬಲ್ಲದು, ಸದ್ದೂ ಆಗುವುದಿಲ್ಲ. ಆಟ ನಡೆಯುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಯಳತೆಯ ದೂರದಲ್ಲಿ ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಆಟ ಮುಗಿದ ಮೇಲೆ ನಲ್ಲಿ ನಿಲ್ಲಿಸಿ, ಕಮಾನಿನ ಬುಡದ ಮುಚ್ಚಳ ತೆಗೆದು ಒಳಗಿನ ನೀರನ್ನು ಪಾತಿಗೆ ಇಳಿಸಿ, ಗಾರ್ಡನ್ ಪೈಪನ್ನು ನೆರಳಿನಲ್ಲಿ ಸುತ್ತಿಡಿ. ಟಬ್ಬಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಟಬ್ಬನ್ನು ಗೋಡೆಯ ಪಕ್ಕ ಬೋರಲು ಹಾಕಿ.